ಪಾನಾ, ಪುಸ್ತಕ, ಪಾರ್ಟು: ಮೂರೂ ಇದ್ದರೆ ಗಾಡಿ ಗುಜರಿಗೆ ಹೋಗುವುದಿಲ್ಲ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್ ನೋಡುತ್ತಾ ಮಲಗಿದ್ದೆ. ಇಂಗ್ಲೆಂಡಿನ ಯಾರೋ ಹಿರಿಯರು ಮನೆ ಪಕ್ಕದ ಶೆಡ್ಡಿನಲ್ಲಿ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ರಿಪೇರಿ ಮಾಡುವ ವಿಡಿಯೊ ಬಂತು. ಅವರ ಇಂಗ್ಲಿಷ್ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಅವರು ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ನಾನು ಎದ್ದು ಕೂತೆ. ಆ ಸದ್ದು ನನಗೆ ಗೊತ್ತಿತ್ತು. ಅರಸೀಕೆರೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಮ್ಮ ದೊಡ್ಡಪ್ಪ ಓಡಿಸುತ್ತಿದ್ದ ಅಂಬಾಸಡರ್ ಸದ್ದು ಅದು!

ಮರುದಿನ ಹುಡುಕಿ ಓದಿದಾಗ ಗೊತ್ತಾಯಿತು, ನನ್ನ ಕಿವಿ ಸುಳ್ಳು ಹೇಳಿರಲಿಲ್ಲ. ಆ ಕಾರಿನ ಹೆಸರು ಎಂ.ಜಿ.ಬಿ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಈಗ ನಮ್ಮ ಹೈವೇಯಲ್ಲಿ ಓಡುವ ಎಂ.ಜಿ. ಕಾರುಗಳ ಮೇಲೂ ಅದೇ ಹೆಸರಿದೆ, ಆದರೆ ಆ ಹೆಸರು ಇವತ್ತು ಚೀನಾ ಕಂಪನಿಯದು. ಹಳೆಯ ಎಂ.ಜಿ.ಬಿ.ಯನ್ನು 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ ಮಾಡಿದರು. ಐದು ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು. ಅದರ 1798 ಸಿಸಿ ಇಂಜಿನ್ನು, ನಮ್ಮ ಹಳೆ ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಇಂಜಿನ್ನು, ಎರಡೂ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಅಂಬಾಸಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು ತಾನೇ. ಹಾಗಾಗಿ ಇವೆರಡೂ ದಾಯಾದಿಗಳು. ಒಬ್ಬ ಅಲ್ಲಿ ಶೋಕಿ ಮಾಡಿದ, ಇನ್ನೊಬ್ಬ ಇಲ್ಲಿ ಮದುವೆ ದಿಬ್ಬಣ ಹೊತ್ತ.

ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿದೆ. ಆದರೂ ಇವತ್ತಿಗೂ ಅಲ್ಲಿ ಸಾಮಾನ್ಯ ಜನ ಮನೆಯ ಶೆಡ್ಡಿನಲ್ಲೇ ಆ ಕಾರನ್ನು ಬಿಚ್ಚಿ, ತೊಳೆದು, ಜೋಡಿಸಿ ಓಡಿಸುತ್ತಾರೆ. ನಮ್ಮೂರಲ್ಲಿ ಎರಡು ವರ್ಷದ ಹಿಂದೆ ತಂದ ಕಳೆ ಕೀಳುವ ಯಂತ್ರ ಮೂಲೆ ಸೇರಿದೆ. ಇದು ಯಾಕೆ ಹೀಗೆ ಎಂಬುದೇ ನನ್ನ ಇವತ್ತಿನ ಮಾತು. ಅವರಿಗೆ ಕೈಚಳಕ ಜಾಸ್ತಿ, ನಮಗೆ ಕಡಿಮೆ ಅಂತ ಖಂಡಿತ ಅಲ್ಲ. ಅವರಿಗೆ ಮೂರು ವಸ್ತು ಸಿಕ್ಕಿವೆ, ನಮಗೆ ಸಿಕ್ಕಿಲ್ಲ.

ಮೊದಲನೆಯದು: ಪಾನಾ ಹಾಕಿದರೆ ಬಿಚ್ಚಿಕೊಳ್ಳುವ ಯಂತ್ರ

ಎಂ.ಜಿ.ಬಿ.ಯ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಪ್ಲಗ್, ಪಾಯಿಂಟ್, ಟ್ಯಾಪೆಟ್, ಎರಡು ಎಸ್.ಯು. ಕಾರ್ಬುರೇಟರ್. ಪಾಯಿಂಟ್ ನಡುವಿನ ಸಂದು ಒಂದು ಇಂಚಿನ ಸಾವಿರದಲ್ಲಿ 15 ಭಾಗ ಇರಬೇಕು. ಫೀಲರ್ ಗೇಜ್ ತೂರಿಸಿ ನೋಡಿ ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ನಮ್ಮ ದೊಡ್ಡಪ್ಪ ಇದೇ ಕೆಲಸವನ್ನು ಬೀಡಿ ಕಟ್ಟಿನ ರಟ್ಟು ಇಟ್ಟು ಮಾಡುತ್ತಿದ್ದರು!

ಕಾರ್ಬುರೇಟರ್ ಪರೀಕ್ಷೆ ಇನ್ನೂ ಚೆಂದ. ಇಂಜಿನ್ ಬಿಸಿಯಾದ ಮೇಲೆ ಅದರ ಬದಿಯ ಪುಟ್ಟ ಪಿನ್ನನ್ನು ಬೆರಳಿನಿಂದ ಒಂದು ಮಿಲಿಮೀಟರಿನಷ್ಟು ಎತ್ತಬೇಕು. ಇಂಜಿನ್ ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಎಂದರ್ಥ. ಬಂದ್ ಆಗುವ ಹಾಗಾದರೆ ಕಡಿಮೆ ಹೋಗುತ್ತಿದೆ. ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ ಇದೆ. ತಪ್ಪಿದ್ದರೆ ಕೆಳಗಿನ ನಟ್ಟನ್ನು ತಿರುಗಿಸಿ ಸರಿಮಾಡಬೇಕು. ಇದಕ್ಕೆ ಕಂಪ್ಯೂಟರ್ ಬೇಡ, ಕಿವಿ ಸಾಕು.

ನಿರ್ವಹಣೆಯೂ ಅಷ್ಟೆ. ಮುಂದಿನ ಚಕ್ರಗಳ ಕಿಂಗ್‌ಪಿನ್ನಿಗೆ ತಪ್ಪದೆ ಗ್ರೀಸ್ ಹೊಡೆಯಬೇಕು. ಕಾರ್ಬುರೇಟರ್ ತಲೆಯಲ್ಲಿ ಎಣ್ಣೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಆ ಕಾಲದ ಬ್ರಿಟಿಷ್ ಕಾರುಗಳ ಕರೆಂಟ್ ಸಾಮಾನು ಮಾಡುತ್ತಿದ್ದುದು ಲೂಕಸ್ ಕಂಪನಿ. ದೀಪ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ ಎಂದು ಅಲ್ಲಿನವರು ಆ ಕಂಪನಿಯ ಯಜಮಾನನಿಗೆ 'ಕತ್ತಲೆಯ ರಾಜಕುಮಾರ' ಎಂದು ಅಡ್ಡಹೆಸರು ಇಟ್ಟಿದ್ದಾರೆ. ಆದರೆ ಹತ್ತಿರ ಹೋಗಿ ನೋಡಿದರೆ ಹೆಚ್ಚಿನ ತೊಂದರೆ ತುಕ್ಕು ಹಿಡಿದ ಕನೆಕ್ಷನ್ ಅಥವಾ ಸರಿಯಾಗಿ ಕೂರದ ಅರ್ಥಿಂಗ್ ತಂತಿಯದು. ಉಜ್ಜುಕಾಗದ ಹಿಡಿದು ಕೂತರೆ ಸರಿಹೋಗುತ್ತದೆ.

ಎಲ್ಲವೂ ಇಷ್ಟು ಸುಲಭ ಅಂತ ನಾನು ಹೇಳಲ್ಲ. ಈ ಕಾರಿನ ನಿಜವಾದ ಶತ್ರು ತುಕ್ಕು. ಇದಕ್ಕೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಡಬ್ಬಿಯಂಥ ಭಾಗವೇ ಇಡೀ ಕಾರಿನ ಬೆನ್ನುಮೂಳೆ. ಹೊರಗಿನ ತಗಡು ಬಣ್ಣ ಹೊಡೆದು ಹೊಳೆಯುತ್ತಿದ್ದರೂ ಒಳಗೆ ಗೆದ್ದಲು ತಿಂದ ತೊಲೆಯ ಹಾಗಾಗಿರುತ್ತದೆ. ಅದನ್ನು ಕತ್ತರಿಸುವ ಮುಂಚೆ ಬಾಡಿಗೆ ಸರಿಯಾದ ಆಸರೆ ಕೊಟ್ಟು, ಬಾಗಿಲ ಚೌಕಟ್ಟಿಗೆ ಅಡ್ಡ ಪಟ್ಟಿ ಬೆಸೆಯಬೇಕು. ಇಲ್ಲದಿದ್ದರೆ ಕಾರು ನಡುವೆ ಬಗ್ಗಿ, ಆಮೇಲೆ ಬಾಗಿಲೇ ಹಾಕಲು ಬರುವುದಿಲ್ಲ. ಆಸೆಯಿಂದ ಬಿಚ್ಚಿ, ಜೋಡಿಸಲಾಗದೆ, ಡಬ್ಬದಲ್ಲಿ ತುಂಬಿ ಮಾರುವವರು ಆ ದೇಶದಲ್ಲೂ ಇದ್ದಾರೆ. ಇನ್ನೊಂದು ಮಾತು ನಮ್ಮವರಿಗೂ ಸೇರಿಸಿ ಹೇಳುತ್ತೇನೆ: ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬೇಡಿ. ಕಾರಾಗಲಿ ಟ್ರ್ಯಾಕ್ಟರ್ ಆಗಲಿ, ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಹೋಗಿ.

ಎರಡನೆಯದು: ಪುಸ್ತಕ

1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿ ಬಾಡಿಗೆ ಹೋಗುತ್ತದೆ. ಈಗಿನ ಅಭ್ಯಾಸದಂತೆ ನೆಗೆಟಿವ್ ಕೊಟ್ಟರೆ ಎಡವಟ್ಟು. ಇಂಥದ್ದನ್ನು ಯಾರು ಹೇಳಬೇಕು? ಪುಸ್ತಕವೇ ಹೇಳಬೇಕು.

ಇಲ್ಲಿ ಜಾನ್ ಹೇನ್ಸ್ ಎಂಬುವರ ಕಥೆ ಹೇಳಲೇಬೇಕು. ಹುಟ್ಟಿದ್ದು ನಮ್ಮ ಪಕ್ಕದ ಸಿಲೋನಿನಲ್ಲಿ, 1938ರಲ್ಲಿ. ತಂದೆ ಅಲ್ಲಿ ಟೀ ತೋಟ ನೋಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಶಾಲೆಯಲ್ಲಿ ಓದುವಾಗಲೇ ಹಳೆ ಆಸ್ಟಿನ್ ಕಾರನ್ನು ತಿದ್ದಿ ಕಟ್ಟಿ, ಹೇಗೆ ಕಟ್ಟಿದೆ ಅಂತ ಪುಟ್ಟ ಪುಸ್ತಕ ಮಾಡಿ ಮಾರಿದ ಹುಡುಗ. ಮುಂದೆ ವಾಯುಪಡೆ ಸೇರಿ ಏಡನ್ನಿನಲ್ಲಿದ್ದಾಗ ಗೆಳೆಯನ ಸ್ಪ್ರೈಟ್ ಎಂಬ ಚಿಕ್ಕ ಸ್ಪೋರ್ಟ್ಸ್ ಕಾರಿನ ಇಂಜಿನ್ ಬಿಚ್ಚಬೇಕಾಯಿತು. ಕಂಪನಿಯ ಪುಸ್ತಕ ತೆರೆದರೆ ಅದು ಕಲಿತ ಮೆಕ್ಯಾನಿಕ್‌ಗಳಿಗೆ ಬರೆದದ್ದು, ಮನೆಯಲ್ಲಿ ಕೂತು ಬಿಚ್ಚುವವನಿಗೆ ಅಲ್ಲ. ಆಗ ಅವರು ಒಂದೊಂದು ಹಂತಕ್ಕೂ ಫೋಟೊ ತೆಗೆದು, ಬಿಚ್ಚಿದ್ದನ್ನೂ ಜೋಡಿಸಿದ್ದನ್ನೂ ಸಾಲಾಗಿ ತೋರಿಸಿ ತಾವೇ ಪುಸ್ತಕ ಮಾಡಿದರು. 1966ರಲ್ಲಿ ಅದು ಹೊರಬಂತು. ಆಮೇಲೆ ನೂರಾರು ಗಾಡಿಗಳಿಗೆ, ಎಂ.ಜಿ.ಬಿ.ಗೂ ಸೇರಿ, ಹೇನ್ಸ್ ಪುಸ್ತಕ ಬಂದವು. ಒಂದು ಗಾಡಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಮೇಲೇ ಪುಸ್ತಕ ಬರೆಯುವುದು ಅವರ ಕ್ರಮ.

ವಿದ್ಯೆ ಕಂಪನಿಯ ಬೀರುವಿನಿಂದ ಹೊರಗೆ ಬಂದದ್ದು ಹೀಗೆ. ನಮ್ಮ ದೊಡ್ಡಪ್ಪನ ವಿದ್ಯೆ ಅವರ ಕೈಯಲ್ಲೇ ಇತ್ತು, ಅವರ ಜೊತೆಗೇ ಹೋಯಿತು. ಅದನ್ನು ಯಾರೂ ಬರೆದಿಡಲಿಲ್ಲ. ಪತ್ರಕರ್ತನಾಗಿ ನಾನೂ ಬರೆಯಲಿಲ್ಲ. ಈ ತಪ್ಪು ನನ್ನದೂ ಹೌದು.

ಮೂರನೆಯದು: ಪಾರ್ಟು

ಕಾರ್ಖಾನೆ ಮುಚ್ಚಿದಾಗ ಅಚ್ಚುಗಳನ್ನೆಲ್ಲ ಗುಜರಿಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ಒಟ್ಟುಮಾಡಿ, 1988ರಲ್ಲಿ ಎಂ.ಜಿ.ಬಿ.ಯ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರಲು ಶುರುಮಾಡಿತು. ಕಾರು ನಿಂತು ಎಂಟು ವರ್ಷವಾದ ಮೇಲೆ! ತುಕ್ಕಿನಿಂದ ಕಾರು ಪೂರ್ತಿ ಹೋಗಿದ್ದರೆ ಹೊಸ ಬಾಡಿ ತಂದು ಹಳೆ ಇಂಜಿನ್ನು, ಹಳೆ ಚಕ್ರ ಜೋಡಿಸಬಹುದು. ಬ್ರೇಕ್ ರಬ್ಬರಿನಿಂದ ಹಿಡಿದು ಬಾಗಿಲ ಬೀಡಿಂಗ್‌ವರೆಗೆ ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ಸಂಘಗಳಿವೆ. ಎಂ.ಜಿ. ಕಾರ್ ಕ್ಲಬ್ 1930ರಿಂದ ನಡೆಯುತ್ತಿದೆ. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿರುತ್ತದೆ.

ಸರ್ಕಾರವೂ ಹಳೆ ಗಾಡಿಯನ್ನು ಮರೆತಿಲ್ಲ. ಅಲ್ಲಿ 40 ವರ್ಷ ದಾಟಿದ, ಮೂಲ ರೂಪ ಬದಲಾಗದ ಕಾರಿಗೆ ರಸ್ತೆ ತೆರಿಗೆ ಇಲ್ಲ. 2018ರಿಂದ ವರ್ಷದ ಫಿಟ್‌ನೆಸ್ ಪರೀಕ್ಷೆಯೂ ಕಡ್ಡಾಯವಲ್ಲ, ಆದರೆ ಗಾಡಿ ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವ ಹೊಣೆ ಮಾಲೀಕನದೇ. 2021ರಲ್ಲಿ ಪೆಟ್ರೋಲಿಗೆ ಶೇ 10ರವರೆಗೆ ಎಥೆನಾಲ್ ಬೆರೆಸಲು ಶುರುಮಾಡಿದಾಗಲೂ, ಹಳೆ ಗಾಡಿಗಳಿಗಾಗಿ ಶೇ 5ರ ಪೆಟ್ರೋಲನ್ನು ದುಬಾರಿ ದರ್ಜೆಯಲ್ಲಿ ಉಳಿಸಿಕೊಂಡರು. ಎಥೆನಾಲ್ ಹಳೆಯ ರಬ್ಬರ್ ಪೈಪನ್ನು ಹಾಳುಮಾಡುತ್ತದೆ, ತೇವ ಎಳೆದುಕೊಳ್ಳುತ್ತದೆ. ನಮ್ಮ ಬಂಕುಗಳಲ್ಲಿ ಈಗ ಶೇ 20 ಬಂದಿದೆ. ಹಳೆ ಯೆಜ್ಡಿಯೋ, ಪೆಟ್ರೋಲ್ ಸ್ಪ್ರೇಯರೋ ಇದ್ದರೆ ಪೈಪು ಬಿರಿದಿದೆಯಾ ನೋಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಇದು ದುಡ್ಡಿದ್ದವರ ಆಟ ಅಲ್ಲವೇ?

ಹೌದು, ಬಹುಪಾಲು ಹೌದು. ಶೆಡ್ಡು, ಬಿಡುವು, ವೆಲ್ಡಿಂಗ್ ಮಷಿನ್ ಬೇಕು. ಖರ್ಚಾದ ಹಣ ಮಾರಿದಾಗ ವಾಪಸ್ ಬರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಭಾನುವಾರದ ಸುತ್ತಾಟಕ್ಕೆ ಇರುವ ಕಾರನ್ನು ನೋಡಿ ನಾವು ಕಲಿಯುವುದೇನು ಅಂತ ಕೇಳಬಹುದು.

ನನ್ನ ಉತ್ತರ ಇಷ್ಟೆ. ಶೋಕಿಗೆ ಇರುವ ಕಾರಿಗೇ ಇಷ್ಟು ಏರ್ಪಾಟು ಸಾಧ್ಯವಾಗಿದೆ. ಹಾಗಿದ್ದರೆ ಅನ್ನ ಕೊಡುವ ಯಂತ್ರಕ್ಕೆ ಯಾಕೆ ಆಗಬಾರದು?

ನಮ್ಮ ಪಕ್ಕದ ಮನೆಯವರು ಕಳೆ ಯಂತ್ರ ತಂದು ಎರಡನೇ ವರ್ಷ ರಾಗಿ ಹೊಲಕ್ಕೆ ಇಳಿಸಿದಾಗ ಗೇರ್ ಭಾಗವೊಂದು ಮುರಿಯಿತು. ಊರ ಮೆಕ್ಯಾನಿಕ್ ಬಿಚ್ಚಿ, ಏನು ಹೋಗಿದೆ ಅಂತ ಅರ್ಧ ಗಂಟೆಯಲ್ಲಿ ಹೇಳಿದ. ಆದರೆ ಪಾರ್ಟು ಸಿಗಲಿಲ್ಲ. ಮಾರಿದ ಅಂಗಡಿಯವರು ಆ ಮಾಡೆಲ್ ನಿಂತುಹೋಗಿದೆ, ಹೊಸದು ತಗೊಳ್ಳಿ ಅಂದರು. ಜೊತೆಗೆ ಬಂದ ಪುಸ್ತಕದಲ್ಲಿ ಎಚ್ಚರಿಕೆಯ ಚಿತ್ರ ಬಿಟ್ಟು ಬೇರೇನೂ ಇರಲಿಲ್ಲ. ಅಷ್ಟರಲ್ಲಿ ಕಳೆ ರಾಗಿಗಿಂತ ಎತ್ತರ ಬೆಳೆದಿತ್ತು. ಕೊನೆಗೆ ಆಳು ಕರೆದು ಕೀಳಿಸಿದರು. ಯಂತ್ರದ ಸಾಲ ಇನ್ನೂ ತೀರಿಲ್ಲ.

ಕೈಚಳಕ ಊರಲ್ಲೇ ಇತ್ತು, ಪಾನಾ ಇತ್ತು. ಪುಸ್ತಕ ಮತ್ತು ಪಾರ್ಟು ಇರಲಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊದಲು ಆರಿಸಿಕೊಂಡ ವಲಯಗಳಲ್ಲಿ ಕೃಷಿ ಯಂತ್ರವೂ ಇತ್ತು, ಮೊಬೈಲ್, ಮನೆಬಳಕೆ ಸಾಮಾನು, ವಾಹನವೂ ಇದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಶುರುವಾಯಿತು. ಒಳ್ಳೆಯದೇ. ಆದರೆ ರಿಪೇರಿ ಹಕ್ಕಿಗೆಂದೇ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ. ಪೋರ್ಟಲ್ಲಿನಲ್ಲಿ ಮಾಹಿತಿ ಇದ್ದರೆ ಸಾಲದು, ತಾಲ್ಲೂಕಿನ ಅಂಗಡಿಯಲ್ಲಿ ಪಾರ್ಟು ಇರಬೇಕು. ಕೃಷಿ ಯಂತ್ರಕ್ಕೆ ಸಬ್ಸಿಡಿ ಕೊಡುವ ಸರ್ಕಾರವೇ ಒಂದು ಷರತ್ತು ಹಾಕಬಹುದಲ್ಲ: ಹತ್ತು ವರ್ಷ ಪಾರ್ಟು ಕೊಡುತ್ತೇವೆ, ಬಿಚ್ಚಿ ಜೋಡಿಸುವ ಪುಸ್ತಕವನ್ನು ಕನ್ನಡದಲ್ಲಿ ಕೊಡುತ್ತೇವೆ ಎಂದು ಒಪ್ಪಿದ ಕಂಪನಿಗೆ ಮಾತ್ರ ಸಬ್ಸಿಡಿ. ತೆರಿಗೆ ಹಣ ನಮ್ಮದು, ಕೇಳುವ ಹಕ್ಕೂ ನಮ್ಮದು.

ಕಾನೂನು ಬರುವವರೆಗೆ ನಾವು ಮಾಡಬಹುದಾದದ್ದು ಒಂದಿದೆ. ಮುಂದಿನ ಸಲ ಯಂತ್ರ ಕೊಳ್ಳಲು ಹೋದಾಗ ರೇಟು ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ. ಇದನ್ನು ನಮ್ಮೂರ ಮೆಕ್ಯಾನಿಕ್ ಬಿಚ್ಚಬಹುದಾ? ಬಿಚ್ಚುವ ಪುಸ್ತಕ ಕೊಡುತ್ತೀರಾ? ಪಾರ್ಟು ಎಷ್ಟು ವರ್ಷ, ಯಾವ ಅಂಗಡಿಯಲ್ಲಿ ಸಿಗುತ್ತದೆ? ಕೊಟ್ಟ ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಒಬ್ಬರು ಕೇಳಿದರೆ ಅಂಗಡಿಯವರು ನಗುತ್ತಾರೆ. ಇಡೀ ಹೋಬಳಿ ಕೇಳಿದರೆ ಕಂಪನಿಗೆ ಫೋನ್ ಮಾಡುತ್ತಾರೆ.

ದೊಡ್ಡಪ್ಪನ ಅಂಬಾಸಡರ್ ಗುಜರಿಗೆ ಹೋದ ದಿನವೂ ಇಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿತ್ತು. ಅದರ ದಾಯಾದಿ ಇವತ್ತೂ ಇಂಗ್ಲೆಂಡಿನ ರಸ್ತೆಯಲ್ಲಿ ಓಡುತ್ತಿದೆ. ಆ ವಿಡಿಯೊವನ್ನು ಪಕ್ಕದ ಮನೆಯವರಿಗೂ ತೋರಿಸಿದೆ. ಪೂರ್ತಿ ನೋಡಿ, "ಅಲ್ಲಪ್ಪಾ, ಇವರಿಗೆ ಪಾರ್ಟು ಯಾರು ಕೊಡ್ತಾರೆ?" ಅಂತ ಕೇಳಿದರು.