ಸೌರಬಿರುಗಾಳಿ ಬಂದರೆ ಫೋನ್ ಆಫ್ ಮಾಡಬೇಕೇ?

‘ಇಂದು ರಾತ್ರಿ 12.30ರಿಂದ 3.30ರವರೆಗೆ ಫೋನ್ ಆಫ್ ಮಾಡಿ, ಅಪಾಯಕಾರಿ ಕಿರಣಗಳು ಬರುತ್ತಿವೆ’ ಎಂಬ ಸಂದೇಶ ನಮಗೂ ಬಂದಿದೆ, ನಿಮಗೂ ಬಂದಿರಬಹುದು. ಇದು ಸುಳ್ಳು. ಆದರೆ ಸೌರಬಿರುಗಾಳಿ ಸುಳ್ಳಲ್ಲ.

ಸೂರ್ಯ ಆಗಾಗ ವಿದ್ಯುದಾವೇಶವಿರುವ ಕಣಗಳ ದೊಡ್ಡ ಮೋಡವನ್ನೇ ಉಗುಳುತ್ತಾನೆ. ಅದು ಭೂಮಿ ಮುಟ್ಟಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ನೆಲದ ಮೇಲಿರುವ ನಮ್ಮನ್ನೂ ನಮ್ಮ ಫೋನನ್ನೂ ಭೂಮಿಯ ವಾತಾವರಣ ಮತ್ತು ಕಾಂತಕ್ಷೇತ್ರ ಕಾಯುತ್ತವೆ. ಪೆಟ್ಟು ಬೀಳುವುದು ಉಪಗ್ರಹ, ಜಿಪಿಎಸ್, ವಿದ್ಯುತ್ ಜಾಲಗಳಿಗೆ. 1989ರ ಮಾರ್ಚ್‌ನಲ್ಲಿ ಇಂಥ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 9 ಗಂಟೆ ಕರೆಂಟ್ ಹೋಗಿತ್ತು.

ಹಾಗಾದರೆ ನಿಖರ ಸಮಯವನ್ನು ಮೊದಲೇ ಹೇಳಬಹುದೇ? ಮೋಡ ಹೊರಟ ವೇಗ ನೋಡಿ, ಅದು ತಲುಪುವ ಹೊತ್ತನ್ನು ಕಂಪ್ಯೂಟರ್ ಮಾದರಿಗಳು ಅಂದಾಜಿಸುತ್ತವೆ. ಈ ಅಂದಾಜು ಹಲವು ಗಂಟೆ ಹಿಂದೆಮುಂದೆ ಆಗುವುದುಂಟು. ಮೋಡದೊಳಗಿನ ಕಾಂತಕ್ಷೇತ್ರ ದಕ್ಷಿಣ ದಿಕ್ಕಿಗಿದ್ದರೆ ಬಿರುಗಾಳಿ ಜೋರು. ಆ ದಿಕ್ಕು ಖಚಿತವಾಗಿ ತಿಳಿಯುವುದು, 15 ಲಕ್ಷ ಕಿ.ಮೀ. ದೂರದಲ್ಲಿರುವ ನಮ್ಮ ಆದಿತ್ಯ-ಎಲ್1ನಂಥ ನೌಕೆಗಳನ್ನು ಮೋಡ ದಾಟುವಾಗ. ಆಮೇಲೆ ಉಳಿಯುವುದು ಸುಮಾರು 15ರಿಂದ 60 ನಿಮಿಷ ಮಾತ್ರ.

ಆದ್ದರಿಂದ ಗಂಟೆ-ನಿಮಿಷ ಬರೆದ ಇಂಥ ಸಂದೇಶ ಬಂದರೆ ಫೋನ್ ಆಫ್ ಮಾಡಬೇಕಿಲ್ಲ, ಫಾರ್ವರ್ಡ್ ಮಾಡದಿದ್ದರೆ ಸಾಕು.