ಸಾಸಿವೆಯ ಕತೆ ಹೇಳುವವರಿಗೆ

ಹೆಂಗಸೊಬ್ಬಳು ಅಳಲು ಕೂತರೆ ಸಾಕು, ಯಾರಾದರೂ ಒಬ್ಬರು ಸಾಸಿವೆಯ ಕತೆ ತೆಗೆಯುತ್ತಾರೆ. ಮಗು ಹೋದವಳಿಗೂ ಅದೇ ಕತೆ, ಗಂಡ ಬಿಟ್ಟವಳಿಗೂ ಅದೇ ಕತೆ. ಕೆಲಸ ಕಳೆದುಕೊಂಡವಳಿಗೂ ಒಮ್ಮೆ ಅದನ್ನೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಸಾವಿಲ್ಲದ ಮನೆಯಿಂದ ಒಂದಿಷ್ಟು ಸಾಸಿವೆ ತಾ ಎಂದು ಬುದ್ಧ ಹೇಳಿದನಂತೆ, ಅವಳು ಊರೆಲ್ಲ ಅಲೆದು ಬರಿಗೈಯಲ್ಲಿ ಬಂದಳಂತೆ, ಸಾವು ಎಲ್ಲರಿಗೂ ಇದ್ದದ್ದೇ ಎಂದು ಅರಿತಳಂತೆ. ಆದ್ದರಿಂದ ನೀನೂ ಕಣ್ಣೊರೆಸಿಕೋ, ಏಳು, ಒಲೆ ಹಚ್ಚು. ಈ ಕೊನೆಯ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಕತೆ ಹೇಳುವುದಂತೂ ಅದಕ್ಕಾಗಿಯೇ.

ನನ್ನ ಜಗಳ ಕತೆಯ ಮೇಲಲ್ಲ, ಅದನ್ನು ಅರ್ಧ ಹೇಳುವವರ ಮೇಲೆ. ಪಾಲಿ ಭಾಷೆಯ ಅಟ್ಠಕಥೆಗಳಲ್ಲಿ, ಅಂದರೆ ಹಳೆಯ ವ್ಯಾಖ್ಯಾನಗಳಲ್ಲಿ, ಆ ಹೆಣ್ಣಿನ ಹೆಸರು ಕಿಸಾ ಗೋತಮಿ. ಕಿಸಾ ಎಂದರೆ ಕೃಶಳಾದವಳು, ಬಡಕಲು ಮೈಯವಳು. ಶ್ರಾವಸ್ತಿಯ ಬಡವರ ಮನೆಯ ಹುಡುಗಿ. ಮದುವೆಯಾಗಿ ಹೋದ ಮನೆಯಲ್ಲಿ ಬಡವರ ಮಗಳೆಂದು ಅವಳನ್ನು ಕೀಳಾಗಿ ಕಂಡರು. ಗಂಡು ಮಗು ಹುಟ್ಟಿದ ಮೇಲೆ ಮರ್ಯಾದೆ ಬಂತು. ಮಗು ಆಡುವ ವಯಸ್ಸಿಗೆ ಬಂದು ಸತ್ತುಹೋಯಿತು. ಆಗ ಅವಳ ತಲೆಯಲ್ಲಿ ಬಂದ ಯೋಚನೆ ಏನು ಗೊತ್ತೇ? ಈ ಮನೆಯಲ್ಲಿ ನನಗೆ ಗೌರವ ಸಿಕ್ಕಿದ್ದು ಇವನು ಹುಟ್ಟಿದ ಮೇಲೆ, ಇನ್ನು ಇವರು ಇವನನ್ನು ಹೊರಗೆ ಎಸೆದುಬಿಡಲೂ ಹಿಂಜರಿಯಲಾರರು ಎಂದು. ಹೆಣವನ್ನು ಸೊಂಟಕ್ಕೆತ್ತಿಕೊಂಡು ಔಷಧಿ ಕೇಳುತ್ತ ಬೀದಿಗೆ ಬಿದ್ದದ್ದು ಹೀಗೆ. ಪ್ರವಚನಗಳಲ್ಲಿ ಈ ಭಾಗವನ್ನು ನಾನು ಒಮ್ಮೆಯೂ ಕೇಳಿಲ್ಲ. ಅವಳಿಗೆ ಹುಚ್ಚು ಹಿಡಿದದ್ದು ಮಮತೆಯಿಂದ ಎಂದಷ್ಟೇ ಹೇಳುತ್ತಾರೆ. ಅತ್ತೆಯ ಮನೆಯ ಹೆದರಿಕೆಯಿಂದಲೂ ಎಂದು ಹೇಳಿದರೆ ಕೇಳುವವರಲ್ಲಿ ಅತ್ತೆಯರೂ ಗಂಡಂದಿರೂ ಇರುತ್ತಾರಲ್ಲ!

ನಮ್ಮ ಬೀದಿಯಲ್ಲಿ ಮೂರು ತಿಂಗಳ ಕೂಸನ್ನು ಕಳೆದುಕೊಂಡ ಹುಡುಗಿಯೊಬ್ಬಳಿದ್ದಳು. ಬಾಣಂತನದಲ್ಲಿ ಅವಳಿಗೆ ನಡುಮನೆಯ ಪಕ್ಕದ ಕೋಣೆ, ಬೆಚ್ಚನೆಯ ನೀರು, ತುಪ್ಪ. ಮಗು ಹೋಗಿ ಹದಿನೈದು ದಿನ ಕಳೆಯುವುದರೊಳಗೆ ಹಾಸಿಗೆ ಅಡಿಗೆಮನೆಯ ಹಿಂದಿನ ಉಗ್ರಾಣಕ್ಕೆ ಬಂತು. ‘ಮಗಾ’ ಎನ್ನುತ್ತಿದ್ದ ಬಾಯಿ ‘ಏ’ ಎಂದಿತು. ಅವಳಿಗೂ ಸಾಸಿವೆಯ ಕತೆ ಹೇಳಿದರು, ಹಿರಿಯರೊಬ್ಬರು, ತುಂಬ ಮೃದುವಾದ ದನಿಯಲ್ಲಿ. ಉಗ್ರಾಣದ ಮಾತನ್ನು ಯಾರೂ ಎತ್ತಲಿಲ್ಲ.

ಮುಂದೆ ಭಿಕ್ಖುಣಿಯಾದ ಗೋತಮಿ ಸುಮ್ಮನಾಗಲಿಲ್ಲ ಎಂಬುದನ್ನೂ ಇವರು ಹೇಳುವುದಿಲ್ಲ. ಥೇರೀಗಾಥೆಯಲ್ಲಿ ಅವಳ ಹೆಸರಿನಲ್ಲಿ ಹನ್ನೊಂದು ಪದ್ಯಗಳಿವೆ. ಅವುಗಳಲ್ಲಿ ಹೆಣ್ಣಾಗಿರುವುದರ ದುಃಖವೇ ಬೇರೆ ಎಂಬ ಮಾತಿದೆ, ಸವತಿಯೊಡನೆ ಬಾಳುವ ಸಂಕಟವಿದೆ, ಒಮ್ಮೆ ಹೆತ್ತು ತಾಳಲಾರದೆ ಕತ್ತು ಕೊಯ್ದುಕೊಂಡವರ, ವಿಷ ಕುಡಿದವರ ಪ್ರಸ್ತಾಪವಿದೆ. ಸಾವು ಎಲ್ಲರಿಗೂ ಇದೆ ಎಂದು ಕಲಿತು ಬಂದ ಹೆಣ್ಣೇ ಎಲ್ಲರಿಗೂ ಇಲ್ಲದ ದುಃಖಗಳನ್ನು ಹೆಸರು ಹಿಡಿದು ಹೇಳಿದ್ದಾಳೆ. ಸಂಯುತ್ತ ನಿಕಾಯದಲ್ಲಿ ಬುದ್ಧನೂ ಹೆಂಗಸರಿಗಷ್ಟೇ ಇರುವ ಐದು ದುಃಖಗಳನ್ನು ಎಣಿಸಿದ್ದಾನೆ: ಎಳೆಯ ವಯಸ್ಸಿನಲ್ಲೇ ತವರು ಬಿಟ್ಟು ಗಂಡನ ಮನೆ ಸೇರುವುದು, ಮುಟ್ಟು, ಬಸಿರು, ಹೆರಿಗೆ, ಗಂಡಸಿನ ಸೇವೆ. ಮೊದಲನೆಯದೂ ಕೊನೆಯದೂ ಮೈಯಿಂದ ಬಂದ ದುಃಖಗಳಲ್ಲ, ಮನುಷ್ಯರು ಮಾಡಿಟ್ಟವು. ಸರ್ವಂ ದುಃಖಂ ಎಂದು ಒಂದೇ ಉಸಿರಿಗೆ ಮುಗಿಸುವ ಪಂಡಿತರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ದುಃಖಕ್ಕೆ ಕಾರಣ ಆಸೆ ಎನ್ನುತ್ತಾರೆ. ಒಪ್ಪಿದೆ. ಆದರೆ ಯಾರ ಆಸೆ? ಸೊಸೆಯನ್ನು ತವರಿಗೆ ಅಟ್ಟಿ ಇನ್ನಷ್ಟು ಬಂಗಾರ ತಾ ಎನ್ನುವ ಮನೆಯಲ್ಲಿ ಆಸೆ ಒಬ್ಬರದು, ಕಣ್ಣೀರು ಇನ್ನೊಬ್ಬರದು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಆ ತೃಷ್ಣೆ ಮಾತ್ರ ಇಂದಿಗೂ ಆರಿಲ್ಲ. ಆದರೂ ‘ಆಸೆ ಬಿಡಮ್ಮ’ ಎಂಬ ಉಪದೇಶ ಹೋಗಿ ಮುಟ್ಟುವುದು ಆ ಹುಡುಗಿಗೇ.

ಮನಸ್ಸನ್ನು ತಿದ್ದಿಕೊಳ್ಳುವುದು ಬೇಡವೆಂದು ನಾನು ಹೇಳುತ್ತಿಲ್ಲ. ಹಗೆ ಮೊದಲು ಸುಡುವುದು ಇಟ್ಟುಕೊಂಡವರನ್ನೇ ಎಂಬುದು ಕೂಡುಕುಟುಂಬದಲ್ಲಿ ಬಾಳಿದವರಿಗೆಲ್ಲ ಗೊತ್ತು. ಆದರೆ ಮನಸ್ಸು ತಿದ್ದಿಕೊಳ್ಳಲು ಹೊತ್ತು ಬೇಕಲ್ಲ? ಎರಡು ವರ್ಷದ ಹಿಂದೆ ನಮ್ಮೂರಿನಲ್ಲಿ ಮೂರು ದಿನದ ಧ್ಯಾನ ಶಿಬಿರ ನಡೆಯಿತು. ಇನ್ನೂರು ಜನಕ್ಕೆ ಊಟ. ನಾನೂ ಇನ್ನು ಎಂಟು ಹೆಂಗಸರೂ ಹಿಂದಿನ ಷೆಡ್ಡಿನಲ್ಲಿ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದಾಗ ಧ್ವನಿವರ್ಧಕದಲ್ಲಿ ಕರುಣೆಯ ಮೇಲೆ ಉಪನ್ಯಾಸ ಬರುತ್ತಿತ್ತು. ಒಗ್ಗರಣೆ ಹಾಕಿದಾಗ ಅದೂ ಕೇಳಿಸಲಿಲ್ಲ. ಸೇವೆಯೂ ಧ್ಯಾನವೇ ಎಂದು ಸಮಿತಿಯವರು ಸಮಾಧಾನ ಹೇಳಿದರು. ಹಾಗಿದ್ದರೆ ಅಂಥ ಧ್ಯಾನಕ್ಕೆ ಗಂಡಸರು ಏಕೆ ಬರಲಿಲ್ಲ?

ವಿನಯಪಿಟಕದಲ್ಲಿ ಇಂಥದೇ ಒಂದು ಪ್ರಸಂಗವಿದೆ. ಕೆಲವು ಭಿಕ್ಖುಗಳು ತಮ್ಮ ಉಣ್ಣೆಯನ್ನು ಭಿಕ್ಖುಣಿಯರಿಂದ ಒಗೆಸಿ, ಬಣ್ಣ ಹಾಕಿಸಿ, ಬಾಚಿಸುತ್ತಿದ್ದರು. ಅವರಿಗೆ ಕಲಿಯಲು, ಧ್ಯಾನಕ್ಕೆ ಕೂರಲು ಹೊತ್ತೇ ಉಳಿಯುತ್ತಿರಲಿಲ್ಲ. ಬುದ್ಧನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಮಹಾಪ್ರಜಾಪತಿ ಬಂದಾಗ, ಭಿಕ್ಖುಣಿಯರ ಸಾಧನೆ ಹೇಗೆ ನಡೆದಿದೆ ಎಂದು ಆತ ಕೇಳುತ್ತಾನೆ. ಎಲ್ಲಿಯ ಸಾಧನೆ, ಉಣ್ಣೆ ಒಗೆಯುವುದೇ ಆಗಿದೆ ಎಂಬರ್ಥದ ಮಾತನ್ನು ಆಕೆ ಹೇಳುತ್ತಾಳೆ. ಆಗ ಬುದ್ಧ ‘ಸಹಿಸಿಕೊಳ್ಳಲಿ, ಅದೂ ಸಾಧನೆಯೇ’ ಎನ್ನಲಿಲ್ಲ. ಆ ಭಿಕ್ಖುಗಳನ್ನು ಕರೆಸಿ ಗದರಿಸಿ, ಸಂಬಂಧಿಯಲ್ಲದ ಭಿಕ್ಖುಣಿಯಿಂದ ಈ ಕೆಲಸ ಮಾಡಿಸಕೂಡದು ಎಂದು ನಿಯಮ ಹಾಕಿದ. (ಸಂಬಂಧಿಕಳಾದರೆ ಮಾಡಿಸಬಹುದು ಎಂದಾಯಿತು. ಅಲ್ಲಿಯೂ ನಮ್ಮ ಪಾಡು ಅಷ್ಟೆ!) ದುಃಖ ಕಂಡದ್ದು ಹೆಂಗಸರಲ್ಲಿ, ಕಟ್ಟು ಬಿದ್ದದ್ದು ಗಂಡಸರಿಗೆ. ಬುದ್ಧನ ಕರುಣೆಯ ಮಾತೆತ್ತಿದಾಗಲೆಲ್ಲ ನನಗೆ ನೆನಪಾಗುವುದು ಸಾಸಿವೆಗಿಂತ ಮೊದಲು ಈ ಉಣ್ಣೆ.

ಬುದ್ಧನನ್ನು ಸ್ತ್ರೀವಾದಿ ಮಾಡಿ ಪೂಜಿಸುವ ಆತುರ ನನಗಿಲ್ಲ. ಇದೇ ಮಹಾಪ್ರಜಾಪತಿ ಸಂಘಕ್ಕೆ ಸೇರಿಸಿಕೋ ಎಂದು ಕೇಳಿದಾಗ ಮೂರು ಸಲ ಬೇಡವೆಂದವನು ಅವನೇ. ಆನಂದ ನಡುವೆ ಬಂದು ವಾದಿಸಿದ ಮೇಲೆ ಎಂಟು ಕಟ್ಟಳೆ ಹಾಕಿ ಒಪ್ಪಿದ. ನೂರು ವರ್ಷದ ಹಿರಿಯ ಭಿಕ್ಖುಣಿಯೂ ಅಂದೇ ದೀಕ್ಷೆ ಪಡೆದ ಹುಡುಗನಿಗೆ ಎದ್ದು ನಮಸ್ಕರಿಸಬೇಕು ಎಂಬುದು ಅವುಗಳಲ್ಲೊಂದು. ಇದನ್ನು ತೆಗೆಯಬೇಕೆಂದು ಆಕೆ ಮುಂದೆ ಮತ್ತೆ ಕೇಳಿದಳು, ಆತ ಒಪ್ಪಲಿಲ್ಲ. ಗ್ರಂಥಗಳೇ ಬಚ್ಚಿಡದೆ ಹೇಳಿರುವುದನ್ನು ನಾವೇಕೆ ಬಚ್ಚಿಡಬೇಕು?

ಇನ್ನು ಸಮಚಿತ್ತದ ಮಾತು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂದು ನಾಲ್ಕು ಭಾವನೆಗಳನ್ನು ಬೆಳೆಸಿಕೊಳ್ಳಬೇಕೆನ್ನುತ್ತದೆ ಬೌದ್ಧಧರ್ಮ. 5ನೇ ಶತಮಾನದ ಬುದ್ಧಘೋಷ ತನ್ನ ‘ವಿಸುದ್ಧಿಮಗ್ಗ’ದಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ದೂರದ ಶತ್ರು, ಒಂದು ಹತ್ತಿರದ ಶತ್ರು ಇದೆ ಎನ್ನುತ್ತಾನೆ. ಹತ್ತಿರದ್ದು ನೋಡಲು ಗುಣದ ಹಾಗೆಯೇ ಇರುತ್ತದೆ. ಉಪೇಕ್ಷೆಯ ಹತ್ತಿರದ ಶತ್ರು ಅರಿವಿಲ್ಲದ ಉದಾಸೀನ. ನಮ್ಮ ಕನ್ನಡದಲ್ಲಂತೂ ಉಪೇಕ್ಷೆ ಎಂಬ ಮಾತಿಗೆ ಅಲಕ್ಷ್ಯ ಎಂದೇ ಅರ್ಥ ನಿಂತುಬಿಟ್ಟಿದೆ. ಉಗ್ರಾಣದ ಬಾಗಿಲಲ್ಲಿ ನಿಂತು ಸಾಸಿವೆಯ ಕತೆ ಹೇಳಿದವರ ಶಾಂತಮುಖ ಈ ಎರಡರಲ್ಲಿ ಯಾವುದು ಎಂದು ಕೇಳಬೇಕಾಗಿಲ್ಲ. ಮೈತ್ರಿಯನ್ನು ಮೊದಲು ತನ್ನ ಮೇಲೆಯೇ ಅಭ್ಯಾಸ ಮಾಡಬೇಕೆಂದೂ ಅದೇ ಗ್ರಂಥ ಹೇಳುತ್ತದೆ. ಎಲ್ಲರೂ ಉಂಡ ಮೇಲೆ ತಳದ ಅನ್ನ ಕೆರೆದು ತಿನ್ನುವ ನಮಗೆ ಇದನ್ನು ಯಾರಾದರೂ ಎಂದಾದರೂ ಹೇಳಿದ್ದಾರೆಯೇ?

ಹಾಗಾದರೆ ಅಳುವವಳಿಗೆ ಏನು ಹೇಳಬೇಕು ಎಂದು ಕೇಳುವವರಿದ್ದಾರೆ. ಕತೆಯಲ್ಲಿ ಶ್ರಾವಸ್ತಿಯ ಮನೆಯವರು ಏನು ಮಾಡಿದರೋ ಅದನ್ನು ಮಾಡಲಿ. ಹೆಣ ಹೊತ್ತು ಬಂದ ಹುಚ್ಚಿಯನ್ನು ನೋಡಿ ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಸಾಸಿವೆ ಕೊಡಲು ಬಂದರು, ಅವಳು ಕೇಳಿದಾಗ ತಮ್ಮ ಮನೆಯ ಸಾವನ್ನು ಹೇಳಿಕೊಂಡರು. ಉಪದೇಶ ಯಾರೂ ಮಾಡಲಿಲ್ಲ.

ಈ ವರ್ಷವೂ ಶಿಬಿರವಿದೆಯಂತೆ. ಕರೆಯಲು ಬಂದ ಸಮಿತಿಯವರ ಕೈಯಲ್ಲಿ ಚೀಟಿಯೊಂದನ್ನು ಬರೆದು ಕೊಟ್ಟಿದ್ದೇನೆ: ಹೆಚ್ಚುವುದಕ್ಕೂ ಪಾತ್ರೆಗೂ ಸರದಿ ಹಾಕಿ, ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ, ಕರುಣೆಯ ಉಪನ್ಯಾಸದ ದಿನ ನಮ್ಮ ಸರದಿ ಬೇಡ.