ವಿದ್ಯಾಪೀಠವೋ, ಔಷಧಾಲಯವೋ?

ಜೀವವೈದ್ಯಕೀಯ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ಮಗಳು ಸಂಶೋಧನೆಗೆ ನಿಲ್ಲಬೇಕೆ, ಔಷಧಿಯ ಕಂಪನಿಗೆ ಹೋಗಬೇಕೆ ಎಂಬ ಚರ್ಚೆ ಇಂದು ಎಷ್ಟೋ ಮನೆಗಳ ಊಟದ ಹೊತ್ತನ್ನು ಕಹಿಮಾಡಿದೆ. ವಿದ್ಯೆ ಅಲ್ಲಿ, ಹಣ ಇಲ್ಲಿ ಎಂದು ಹಿರಿಯರು ಗೆರೆಯೆಳೆದುಬಿಡುತ್ತಾರೆ. ಯಲ್ಲಾಪ್ರಗಡ ಸುಬ್ಬರಾಯರ ಬಾಳು ಆ ಗೆರೆಯನ್ನು ಅಳಿಸುವಂಥದು.

ಭೀಮವರದಲ್ಲಿ 1895ರಲ್ಲಿ ಜನಿಸಿದ ಅವರು 1923ರಲ್ಲಿ ಅಮೆರಿಕೆಯ ಹಾರ್ವರ್ಡ್ ಸೇರಿದರು. ದೇಹದ್ರವಗಳಲ್ಲಿನ ರಂಜಕವನ್ನು ಅಳೆಯಲು ಫಿಸ್ಕ್ ಅವರೊಡನೆ 1925ರಲ್ಲಿ ಪ್ರಕಟಿಸಿದ ವಿಧಾನ ಪಠ್ಯಪುಸ್ತಕಗಳನ್ನು ಸೇರಿತು; ಖಾಯಂ ಹುದ್ದೆ ಮಾತ್ರ ಅವರಿಗೆ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧಿ ಸಂಸ್ಥೆಗೆ ನಡೆದರು. ವಿದ್ಯೆಯನ್ನು ಮಾರಿಕೊಂಡರೆನ್ನುವವರಿಗೆ ಮುಂದಿನ ಎಂಟು ವರ್ಷಗಳೇ ಉತ್ತರ. ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ರೂಪದಲ್ಲಿ ಅದನ್ನೇ ಹೋಲುತ್ತ ಗುಣದಲ್ಲಿ ಅದಕ್ಕೆ ಎದುರಾದ ಅಮಿನಾಪ್ಟೆರಿನ್ನನ್ನೂ ಸಿದ್ಧಪಡಿಸಿತು. ಅದರಿಂದ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಕೆಲವು ತಿಂಗಳ ಬಿಡುವನ್ನು ತಂದುಕೊಟ್ಟರು. ಆನೆಕಾಲು ರೋಗ ತಡೆಯಲು ನಮ್ಮಲ್ಲಿ ಇಂದಿಗೂ ಕೊಡುವ ಡೈಇಥೈಲ್‌ಕಾರ್ಬಮಜೀನ್ ಮಾತ್ರೆಯ ಮೂಲವೂ ಅಲ್ಲಿಯದೇ.

ಅಷ್ಟೊಂದು ರಸಾಯನಜ್ಞರ ಪಡೆ ಒಂಟಿ ಅಧ್ಯಾಪಕನಿಗೆ ಎಲ್ಲಿಂದ ಬರಬೇಕು? (ಅಧ್ಯಾಪಕನಾದ ನಾನೇ ಈ ಮಾತನ್ನಾಡುತ್ತಿದ್ದೇನೆ!) ಆದರೆ ಹದಿನೇಳು ವರ್ಷ ಹಾರ್ವರ್ಡಿನಲ್ಲಿ ಕೈ ಪಳಗಿರದಿದ್ದರೆ ಲೆಡರ್ಲೆಯ ಹೊಣೆ ಅವರ ಹೆಗಲಿಗೆ ಬರುತ್ತಿತ್ತೆ? ಮಗಳ ಮೊದಲ ಸಂಬಳವನ್ನೇ ಎಣಿಸುತ್ತ ಕುಳಿತ ತಂದೆಯರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ. 1948ರಲ್ಲಿ, 53ನೆಯ ವಯಸ್ಸಿನಲ್ಲಿ, ಅದೇ ಸಂಸ್ಥೆಯ ಸಂಶೋಧನಾ ನಿರ್ದೇಶಕರಾಗಿದ್ದಾಗಲೇ ಸುಬ್ಬರಾಯರು ತೀರಿಕೊಂಡರು.